ಮೊದಲ ಸ್ಟಿರಿಯೊ, ಬಜೆಟ್ 15 ಸಾವಿರ, ಇರುವುದು ಶಿರಸಿಯಲ್ಲಿ: ಏನು ತಗೊಳ್ಳಲಿ?

ಬನವಾಸಿ_ರಸ್ತೆ
ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಊರು ಕುಮಟಾ ಕಡೆ. ಇಲ್ಲಿ ಮಹಡಿ ಮೇಲೊಂದು ಬಾಡಿಗೆ ರೂಮು, 10 ಅಡಿ ಅಗಲ, 12 ಅಡಿ ಉದ್ದ. ಮಕ್ಕಳಿಗೆ ಟ್ಯೂಷನ್ ಹೇಳಿ 15 ಸಾವಿರ ಕೂಡಿಸಿದ್ದೇನೆ. ಹಾಡು ಕೇಳುವುದಕ್ಕೆ ಒಂದು ಸರಿಯಾದ ಸ್ಟಿರಿಯೊ ತಗೊಳ್ಳಬೇಕು ಅಂತ ಬಹಳ ಆಸೆ.

ಕೇಳುವುದು ಹಿಂದೂಸ್ತಾನಿ ಗಾಯನ ಜಾಸ್ತಿ. ಆಮೇಲೆ ತಾಳಮದ್ದಲೆ, ಹಳೆ ಸಿನಿಮಾ ಹಾಡು. ಈಗಿರುವ ಬ್ಲೂಟೂತ್ ಸ್ಪೀಕರಿನಲ್ಲಿ ತಂಬೂರಿ ಬರೀ ಗುಂಯ್ ಅನ್ನುತ್ತದೆ. ತಬಲಾದ ಎಡಗೈ ಕೇಳುವುದೇ ಇಲ್ಲ. ನಮ್ಮ ಸಂಗೀತದ ಮೇಷ್ಟರ ಮನೆಯಲ್ಲಿ ಹಳೆಯ ಆಂಪ್ಲಿಫೈಯರ್, ಎರಡು ಮರದ ಪೆಟ್ಟಿಗೆ ಸ್ಪೀಕರ್ ಇವೆ. ಅದೇ ರೆಕಾರ್ಡಿಂಗ್ ಅಲ್ಲಿ ಹಾಕಿದರೆ ಗಾಯಕರು ಉಸಿರು ಎಳೆದುಕೊಳ್ಳುವುದೂ ಗೊತ್ತಾಗುತ್ತದೆ. ನನಗೆ ಬೇಕಾಗಿರುವುದು ಅದು.

ಇಲ್ಲಿನ ಅಂಗಡಿಯಲ್ಲಿ 5.1 ಹೋಂ ಥಿಯೇಟರ್ ತೋರಿಸಿದರು. 8000 ವ್ಯಾಟ್ ಪಿಎಂಪಿಒ ಅಂತೆ. ಅದು ಬೇಕಾ? ಅಥವಾ ಒಳಗೇ ಆಂಪ್ ಇರುವ ಆ್ಯಕ್ಟಿವ್ ಸ್ಪೀಕರ್ ಒಳ್ಳೆಯದಾ? ಆಂಪು, ಸ್ಪೀಕರು ಬೇರೆ ಬೇರೆ ತಗೊಳ್ಳಬೇಕಾ? ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ. ಹಾಡು ಹಾಕುವುದಕ್ಕೆ ಇರುವುದು ಲ್ಯಾಪ್‌ಟಾಪ್ ಮತ್ತೆ ಫೋನ್ ಮಾತ್ರ.

ಸಾಲ್ಡರ್_ಕೈ
ಆ 8000 ವ್ಯಾಟ್ ಮೊದಲು ತಲೆಯಿಂದ ತೆಗೆದುಹಾಕಿ. ಪಿಎಂಪಿಒ ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ತಯಾರಿಸಿದವರು ತಮಗೆ ಬೇಕಾದ ಅಂಕಿ ಅಚ್ಚು ಹಾಕಬಹುದು. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಒಂದೇ ಸಮನೆ ಕೊಡುವ ಪವರ್. ಇಂಥ ಸೆಟ್ಟಿನ ಹಿಂಭಾಗದಲ್ಲಿ ಕರೆಂಟ್ ಎಷ್ಟು ಎಳೆಯುತ್ತದೆ ಅಂತ ಬರೆದಿರುತ್ತಾರೆ. ಅದನ್ನು ಓದಿ. ಗೋಡೆಯಿಂದ ತಗೊಂಡದ್ದಕ್ಕಿಂತ ಹೆಚ್ಚು ಪವರ್ ಒಂದೇ ಸಮನೆ ಹೊರಗೆ ಕೊಡಲು ಯಾವ ಯಂತ್ರಕ್ಕೂ ಆಗುವುದಿಲ್ಲ.

ಇನ್ನೊಂದು ಲೆಕ್ಕ. ಅಷ್ಟೇ ದುಡ್ಡಿನಲ್ಲಿ ಐದು ಸ್ಪೀಕರ್, ಒಂದು ಸಬ್‌ವೂಫರ್ ಮಾಡಬೇಕು ಅಂದರೆ ಒಂದೊಂದಕ್ಕೆ ಎಷ್ಟು ಹಾಕಿರುತ್ತಾರೆ? ಅದೇ ದುಡ್ಡು ಎರಡು ಸ್ಪೀಕರಿಗೆ ಹೋದರೆ ಎರಡೂ ಚೆನ್ನಾಗಿರುತ್ತವೆ. ನೀವು ಕೇಳುವ ಯಾವುದಕ್ಕೂ ಎರಡು ಚಾನೆಲ್‌ಗಿಂತ ಜಾಸ್ತಿ ಬೇಡ. ಹಳೆಯ ಹಾಡುಗಳಲ್ಲಿ ಎಷ್ಟೋ ಮೊನೊ.

ಮಂದ್ರಸಪ್ತಕ
ನೂರಕ್ಕೆ ನೂರು ಒಪ್ಪಿದೆ. 5.1 ಸಿನಿಮಾ ನೋಡುವವರಿಗೆ.

ಕೋಡಿಬಾಗ್
ತಮ್ಮಾ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ. ಆ್ಯಕ್ಟಿವ್ ಬುಕ್‌ಶೆಲ್ಫ್, ಅಂದರೆ ಮೇಜಿನ ಮೇಲೆ ಕೂರುವ ಸಣ್ಣ ಸ್ಪೀಕರ್, ಒಂದು ಜೋಡಿ ತಗೋ. ಎಡಿಫೈಯರ್ ಆರ್1280ಟಿ ನಿನ್ನ ಬಜೆಟ್ಟಿನೊಳಗೆ ಬರುತ್ತದೆ. ಎರಡೂ ಸೇರಿ 42 ವ್ಯಾಟ್ ಆರ್‌ಎಂಎಸ್, ತಗ್ಗು ಸ್ವರಕ್ಕೆ 4 ಇಂಚಿನ ವೂಫರ್, ಎತ್ತರದ ಸ್ವರಕ್ಕೆ ರೇಷ್ಮೆ ಗುಮ್ಮಟದ ಟ್ವೀಟರ್. ಬ್ಲೂಟೂತ್ ಬೇಕಾದರೆ 1280ಡಿಬಿ ಇದೆ, ಅದರಲ್ಲಿ ಆಪ್ಟಿಕಲ್ ಡಿಜಿಟಲ್ ಇನ್‌ಪುಟ್ ಕೂಡ ಬರುತ್ತದೆ. ಲ್ಯಾಪ್‌ಟಾಪಿಗೆ ಒಂದು ವೈರ್ ಚುಚ್ಚಿದರೆ ಕೆಲಸ ಮುಗಿಯಿತು. ಹೊಸದು, ಬಿಲ್ ಇರುತ್ತದೆ, ವಾರಂಟಿ ಇರುತ್ತದೆ. ಓದುವ ಹುಡುಗರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಬನವಾಸಿ_ರಸ್ತೆ
ಧನ್ಯವಾದ ಅಣ್ಣ. ತಮ್ಮ ಅಲ್ಲ, ತಂಗಿ.

ಕೋಡಿಬಾಗ್
ಸರಿ ತಂಗಿ. ಸಲಹೆ ಅದೇ!

ಅಘನಾಶಿನಿ
ನಾನು ಕೋಡಿಬಾಗ್ ಅವರ ಮಾತು ಒಪ್ಪುವುದಿಲ್ಲ. ಆ್ಯಕ್ಟಿವ್ ಸ್ಪೀಕರಿನಲ್ಲಿ ಆಂಪ್, ಸ್ಪೀಕರ್ ಎಲ್ಲ ಒಂದೇ ಪೆಟ್ಟಿಗೆ. ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಮೊದಲು ಹೋಗುವುದು ಎಲೆಕ್ಟ್ರಾನಿಕ್ಸ್. ಬೋರ್ಡ್ ಕೆಟ್ಟರೆ ಸ್ಪೀಕರು ಚೆನ್ನಾಗಿದ್ದೂ ಉಪಯೋಗವಿಲ್ಲ. ವಾರಂಟಿ ಇದ್ದರೂ ಸರ್ವಿಸ್ ಸೆಂಟರ್ ಎಲ್ಲಿದೆ? ಶಿರಸಿಯಲ್ಲೂ ಇಲ್ಲ, ಕಾರವಾರದಲ್ಲೂ ಇಲ್ಲ. ಪ್ಯಾಕ್ ಮಾಡಿ ಕೊರಿಯರ್ ಹಾಕಬೇಕು.

ಬೇರೆ ಬೇರೆ ತಗೊಂಡರೆ ಆಂಪ್ ಹೋದಾಗ ಆಂಪ್ ಮಾತ್ರ ಬದಲಿಸಬಹುದು. ಒಳ್ಳೆಯ ಪ್ಯಾಸಿವ್ ಸ್ಪೀಕರ್, ಅಂದರೆ ಒಳಗೆ ಆಂಪ್ ಇಲ್ಲದ್ದು, 20, 25 ವರ್ಷ ಬಾಳಿಕೆ ಬರುತ್ತದೆ. ಆಮೇಲೆ ಕೆಲಸ ಸಿಕ್ಕಿ ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಅದೇ ಸ್ಪೀಕರಿಗೆ ದೊಡ್ಡ ಆಂಪ್ ಹಾಕಿಕೊಳ್ಳಬಹುದು. 15 ಸಾವಿರದಲ್ಲಿ 10 ಸಾವಿರ ಸ್ಪೀಕರಿಗೇ ಹಾಕಿ, ಸೆಕೆಂಡ್ ಹ್ಯಾಂಡ್. ಉಳಿದದ್ದು ಆಂಪಿಗೆ, ವೈರಿಗೆ. ಧ್ವನಿಯ ಗುಣ ಹೆಚ್ಚಾಗಿ ತೀರ್ಮಾನ ಆಗುವುದು ಸ್ಪೀಕರಿನಲ್ಲಿ ಮತ್ತು ರೂಮಿನಲ್ಲಿ. ಅಗ್ಗದ ಆಂಪಿಗೂ ದುಬಾರಿ ಆಂಪಿಗೂ ಇರುವ ವ್ಯತ್ಯಾಸ ಅದರ ಮುಂದೆ ಸಣ್ಣದು.

ಕೋಡಿಬಾಗ್
ಸೆಕೆಂಡ್ ಹ್ಯಾಂಡ್ ಸ್ಪೀಕರ್ ಪರೀಕ್ಷೆ ಮಾಡುವುದು ಹೊಸಬರಿಗೆ ಆಗುತ್ತದಾ? ಅದನ್ನೂ ಹೇಳಬೇಕಲ್ಲ ನೀವು. ಮೊದಲ ಸೆಟ್ಟು ಹೊಸದೇ ಇರಲಿ ಅನ್ನುವುದು ನನ್ನ ಮಾತು.

ಅಘನಾಶಿನಿ
ಕಲಿತರೆ ಆಗುತ್ತದೆ. ಕಷ್ಟದ ವಿದ್ಯೆ ಏನಲ್ಲ. ಇಲ್ಲಿ ಹೇಳಿಕೊಡುವುದಕ್ಕೆ ನಾವೆಲ್ಲ ಇದ್ದೇವಲ್ಲ.

ಹುಬ್ಬಳ್ಳಿ_ಧಾರವಾಡ
ಜೋರಾಗಿ ಹಾಕುವವರಾ ನೀವು? ಕೆಳಗೆ ಮಾಲೀಕರಿದ್ದಾರಾ? ಸ್ಪೀಕರ್ ಎಲ್ಲಿ ಇಡುತ್ತೀರಿ? ನೀವು ಕೂರುವುದು ಎಷ್ಟು ದೂರ? ಇಷ್ಟು ಗೊತ್ತಾಗದೆ ಮಾಡೆಲ್ ಹೇಳಿ ಉಪಯೋಗ ಇಲ್ಲ.

ಬನವಾಸಿ_ರಸ್ತೆ
ಕೆಳಗೆ ಮಾಲೀಕರು ಇದ್ದಾರೆ, ವಯಸ್ಸಾದವರು. ರಾತ್ರಿ 9 ಆದ ಮೇಲೆ ಶಬ್ದ ಆಗಬಾರದು. ಒಂದು ಉದ್ದದ ಮೇಜಿದೆ, ಗೋಡೆಗೆ ತಾಗಿಸಿ ಇಟ್ಟಿದ್ದೇನೆ. ಎದುರಿಗೆ ಮಂಚ. ಮಂಚದ ಮೇಲೆ ಕೂತರೆ ಮೇಜಿಗೆ ಐದು ಅಡಿ ಇರಬಹುದು.

ಹುಬ್ಬಳ್ಳಿ_ಧಾರವಾಡ
ಐದು ಅಡಿ ಅಂದರೆ ಒಂದೂವರೆ ಮೀಟರ್. ಹಾಗಾದರೆ ವ್ಯಾಟಿನ ಚಿಂತೆ ಬೇಡವೇ ಬೇಡ. ಲೆಕ್ಕ ನೋಡಿ.

ಸ್ಪೀಕರಿನ ಹಿಂದೆ ಸೆನ್ಸಿಟಿವಿಟಿ ಅಂತ ಬರೆದಿರುತ್ತಾರೆ. ಸಣ್ಣ ಬುಕ್‌ಶೆಲ್ಫ್‌ಗಳಲ್ಲಿ 86 ಡೆಸಿಬೆಲ್ ಸಾಮಾನ್ಯ. ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 86. ಒಂದೂವರೆ ಮೀಟರಿಗೆ ಬಂದಾಗ ಸುಮಾರು 3.5 ಕಮ್ಮಿ. ಎರಡು ಸ್ಪೀಕರ್ ಇರುವುದರಿಂದ 3 ಜಾಸ್ತಿ. ಹೆಚ್ಚೂಕಮ್ಮಿ 85. ವಾರಕ್ಕೆ 40 ಗಂಟೆ ಕೇಳುವವರು 80 ಡೆಸಿಬೆಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದೊಂದು ಸ್ಪೀಕರಿಗೆ ಒಂದೇ ವ್ಯಾಟ್ ಹೋದರೂ ಆ ರೂಮಿನಲ್ಲಿ ಸಾಕಷ್ಟು ಜೋರು!

ಪವರ್ ಎರಡು ಪಟ್ಟು ಮಾಡಿದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ಪವರ್. 20 ವ್ಯಾಟಿನ ಆಂಪಿಗೂ 40 ವ್ಯಾಟಿನ ಆಂಪಿಗೂ ನಿಮ್ಮ ರೂಮಿನಲ್ಲಿ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೆಚ್ಚು ವ್ಯಾಟಿಗೆ ಅಂತ ಒಂದು ರೂಪಾಯಿಯೂ ಹಾಕಬೇಡಿ.

ಚಂಡೆಪೆಟ್ಟು
ಲೆಕ್ಕ ಸರಿ ಮಾರಾಯ್ರೆ, ಆದರೆ ಅರ್ಧ ಮಾತ್ರ ಹೇಳಿದಿರಿ. ಅದು ಸರಾಸರಿ. ಚಂಡೆಯ ಒಂದು ಪೆಟ್ಟು ಸರಾಸರಿಗಿಂತ 10, 15 ಡೆಸಿಬೆಲ್ ಮೇಲೆ ಹೋಗುತ್ತದೆ. ಆ ಕ್ಷಣಕ್ಕೆ ಆಂಪಿಗೆ 20, 30 ವ್ಯಾಟ್ ಬೇಕು. ಇಲ್ಲದಿದ್ದರೆ ಪೆಟ್ಟಿನ ತುದಿ ಕತ್ತರಿಸಿ ಹೋಗಿ ಚರ್ ಅನ್ನುತ್ತದೆ. ಬಡಗುತಿಟ್ಟು ಯಕ್ಷಗಾನದ ಚಂಡೆ ಕೇಳುವವರು ಆ ಜಾಗ ಇಟ್ಟುಕೊಳ್ಳಬೇಕು.

ಹುಬ್ಬಳ್ಳಿ_ಧಾರವಾಡ
ಒಪ್ಪಿದೆ. ಹಾಗಾದರೆ ಚಾನೆಲ್ಲಿಗೆ 20ರಿಂದ 30 ವ್ಯಾಟ್, ಆರ್‌ಎಂಎಸ್. ಅದಕ್ಕಿಂತ ಮೇಲೆ ಬೇಡ.

ಚಂಡೆಪೆಟ್ಟು
ತಂಗಿ, ತಾಳಮದ್ದಲೆಯ ವಿಷಯ ಒಂದು ಹೇಳುತ್ತೇನೆ. ಅಲ್ಲಿ ಕುಣಿತ ಇಲ್ಲ, ವೇಷ ಇಲ್ಲ. ಎಲ್ಲ ಭಾಗವತರ ಪದ ಮತ್ತು ಅರ್ಥಧಾರಿಗಳ ಮಾತು. ಅದಕ್ಕೆ ಬಾಸ್ ಬೇಕಿಲ್ಲ. ಮಧ್ಯದ ಸ್ವರ ಸ್ಪಷ್ಟ ಇರಬೇಕು. ಸಬ್‌ವೂಫರ್ ಹಾಕಿದ ಸೆಟ್ಟಿನಲ್ಲಿ ಅರ್ಥಧಾರಿ ಮಡಕೆಯೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತದೆ. ಎರಡು ಸ್ಪೀಕರ್ ಸರಿಯಾಗಿ ಇಟ್ಟರೆ ಮಾತು ನಡುವಿನಿಂದ, ಯಾರೂ ಇಲ್ಲದ ಜಾಗದಿಂದ ಬರುತ್ತದೆ. ಆ ಸುಖ ಒಮ್ಮೆ ಕೇಳಿಯೇ ತಿಳಿಯಬೇಕು.

ಆದರೆ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ ಯಕ್ಷಗಾನದ ಆಟಗಳನ್ನು ಯಾವ ಸ್ಪೀಕರೂ ಸರಿ ಮಾಡುವುದಿಲ್ಲ. ಒಳ್ಳೆಯ ಸ್ಪೀಕರಿನಲ್ಲಿ ಅದರ ಕೊರತೆ ಇನ್ನೂ ಎದ್ದು ಕಾಣುತ್ತದೆ. ಅದಕ್ಕೆ ತಯಾರಿರು.

ಮಂದ್ರಸಪ್ತಕ
ತಂಬೂರಿಯ ಬಗ್ಗೆ ಕೇಳಿದ್ದೀರಿ. ನನಗೆ ಇದು ಬಹಳ ಹತ್ತಿರದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆ ಸರಿಸಿ ಜೀವಾಳ ಕೂರಿಸುತ್ತಾರಲ್ಲ, ಅದರಿಂದಲೇ ಒಂದು ತಂತಿ ಮೀಟಿದಾಗ ಅದರ ಮೇಲಿನ ಉಪಸ್ವರಗಳೆಲ್ಲ ಒಂದೊಂದಾಗಿ ಅರಳುತ್ತವೆ. ಈ ಉಪಸ್ವರಗಳು ಸಾವಿರಾರು ಹರ್ಟ್ಜ್‌ವರೆಗೆ ಹೋಗುತ್ತವೆ. ಇನ್ನು ತಳ ನೋಡಿ. ಹಾರ್ಮೋನಿಯಮ್ಮಿನ ಕಪ್ಪು ಒಂದರಲ್ಲಿ ಹಾಡುವ ಗಂಡಸಿನ ಷಡ್ಜ ಸುಮಾರು 139 ಹರ್ಟ್ಜ್. ಖರಜದ, ಅಂದರೆ ಮಂದ್ರ ಷಡ್ಜದ, ತಂತಿ ಅದರ ಅರ್ಧ, 69 ಚಿಲ್ಲರೆ. ಅಂದರೆ ತಂಬೂರಿ ಒಂದೇ ವಾದ್ಯ ಸ್ಪೀಕರಿನ ತಳವನ್ನೂ ತುದಿಯನ್ನೂ ಒಟ್ಟಿಗೆ ಪರೀಕ್ಷೆ ಮಾಡುತ್ತದೆ. ಅಂಗೈಯಗಲದ ಬ್ಲೂಟೂತ್ ಪೆಟ್ಟಿಗೆಯಲ್ಲಿ 69 ಹರ್ಟ್ಜ್ ಹೊರಡುವುದೇ ಕಷ್ಟ. ಎರಡು ಚಾನೆಲ್ಲೂ ಒಂದೇ ಕಡೆಯಿಂದ ಬರುವುದರಿಂದ ತಂಬೂರಿಯೂ ಹಾರ್ಮೋನಿಯಮ್ಮೂ ಗಾಯಕನ ಮೇಲೆ ಬಿದ್ದು ಕಲಸಿಹೋಗುತ್ತವೆ. ನಿಮಗೆ ಗುಂಯ್ ಅಂತ ಕೇಳುವುದು ಇದಕ್ಕೇ.

ಹಾಗಾಗಿ ಸ್ಪೀಕರ್ ಆರಿಸುವಾಗ ಬೇರೇನೂ ಬೇಡ. ನಿಮಗೆ ಬಾಯಿಪಾಠ ಇರುವ ಒಂದು ಖಯಾಲಿನ ವಿಲಂಬಿತ ಹಾಕಿ, ಮೊದಲ ಎರಡು ನಿಮಿಷ ಕೇಳಿ. ಎರಡು ತಂಬೂರಿ ಇದ್ದರೆ ಎರಡು ಅಂತ ಗೊತ್ತಾಗಬೇಕು. ಗಾಯಕನ ಸ್ವರ ಮೂಗಿನಿಂದ ಬಂದ ಹಾಗೆ ಆಗಬಾರದು. ತಬಲಾದ ಎಡಗೈ ವಾದ್ಯ ಡಗ್ಗಾದ ಮೀಂಡ್, ಅಂಗೈ ಒತ್ತಿ ಎಳೆಯುವುದು, ಅದರ ಏರಿಳಿತ ಕೇಳಬೇಕು. ಬರೀ ಢಂ ಅಂದರೆ ಆ ಸ್ಪೀಕರ್ ಬಿಡಿ.

ಬನವಾಸಿ_ರಸ್ತೆ
ಇದನ್ನು ಬರೆದಿಟ್ಟುಕೊಂಡೆ. 4 ಇಂಚಿನ ವೂಫರಿನಲ್ಲಿ ಖರಜ ಕೇಳುತ್ತದಾ ಹಾಗಾದರೆ?

ಮಂದ್ರಸಪ್ತಕ
ಮೂಲ ಸ್ವರ ದುರ್ಬಲ ಇದ್ದರೂ ಉಪಸ್ವರಗಳಿಂದ ಮೆದುಳು ಅದನ್ನು ಕಟ್ಟಿಕೊಳ್ಳುತ್ತದೆ. ಹಾಗಾಗಿ ಶ್ರುತಿ ಗೊತ್ತಾಗುತ್ತದೆ. ಆದರೆ ತುಂಬು ಇರುವುದಿಲ್ಲ. 5 ಅಥವಾ 6 ಇಂಚಿನದು ಸಿಕ್ಕರೆ ಅದನ್ನೇ ನೋಡಿ.

ಮೈಕ್‌ಸೆಟ್_ದಾದಾ
ನಾನು ಮೈಕ್ ಸೆಟ್ ಬಾಡಿಗೆ ಕೊಡುವವನು. ಮದುವೆ, ಆಟ, ಜಾತ್ರೆ ಎಲ್ಲ ನೋಡಿದ್ದೇನೆ. 12 ಇಂಚಿನ ಹಳೆ ಬಾಕ್ಸ್ ಜೋಡಿ ಕಡಿಮೆಗೆ ಸಿಗುತ್ತದೆ, ಒಳ್ಳೆ ಗಟ್ಟಿ. ಅದನ್ನು ಯಾಕೆ ಯೋಚಿಸಬಾರದು?

ಸಾಲ್ಡರ್_ಕೈ
ದಾದಾ, ನಿಮ್ಮ ಬಾಕ್ಸು ಬಯಲಿನ ತುದಿಯವರೆಗೆ ಮಾತು ಎಸೆಯುವುದಕ್ಕೆ ಮಾಡಿದ್ದು. ಐದು ಅಡಿಯಲ್ಲಿ ಕೂತು ಕೇಳುವುದಕ್ಕಲ್ಲ. ವೂಫರು, ಹಾರ್ನು ಎರಡರ ಸದ್ದು ಬೆರೆಯುವುದಕ್ಕೇ ಸ್ವಲ್ಪ ದೂರ ಬೇಕು. ಅಷ್ಟು ಹತ್ತಿರ ಕೂತರೆ ಒಂದು ಸ್ವರ ಎರಡು ಕಡೆಯಿಂದ ಬಂದ ಹಾಗೆ ಕೇಳುತ್ತದೆ.

ಮೈಕ್‌ಸೆಟ್_ದಾದಾ
ಅದು ಹೌದು. ಸಣ್ಣ ಕೋಣೆಯಲ್ಲಿ ಹಾರ್ನು ಕಿವಿಗೆ ಹೊಡೆಯುತ್ತದೆ. ಆದರೂ ಹಳೆಯ ಸ್ಪೀಕರ್ ತಗೊಂಡು ಯಾವುದೇ ರಿಪೇರಿ ಬಂದರೆ ನಮ್ಮಂಥವರ ಹತ್ತಿರ ತನ್ನಿ. ಒಳಗಿನ ತಂತಿ ಸುರುಳಿ ಕಾಯಿಲ್ ಹೋಗಿದೆಯಾ, ಮುಂದೆ ಅಲುಗುವ ಕೋನ್ ಹರಿದಿದೆಯಾ ನೋಡಿಕೊಡುತ್ತೇವೆ. ಜಾತ್ರೆಯ ಊರು ಶಿರಸಿ, ಸ್ಪೀಕರ್ ಕಟ್ಟುವವರಿಗೆ ಬರ ಇಲ್ಲ.

ಕಡಲಗಾಳಿ
ಅಂಕೋಲಾದಿಂದ. ಯಾರೂ ಇನ್ನೂ ಹೇಳದ ವಿಷಯ: ತೇವ. ನೀವು ರಜೆಗೆ ಕುಮಟಾಕ್ಕೆ ಸೆಟ್ಟು ಒಯ್ಯುವವರಾದರೆ ಇದು ಮುಖ್ಯ.

ಹಳೆಯ ಸ್ಪೀಕರ್ ನೋಡುವಾಗ ಮೊದಲು ಕೋನಿನ ಸುತ್ತ ಇರುವ ಅಂಚು ನೋಡಿ. ಅದು ಫೋಮ್ ಆಗಿದ್ದರೆ ನಮ್ಮ ಸೆಖೆ, ತೇವಕ್ಕೆ 10, 15 ವರ್ಷದಲ್ಲಿ ಪುಡಿಪುಡಿ ಆಗುತ್ತದೆ. ಬೆರಳಿನಲ್ಲಿ ಮೆತ್ತಗೆ ಮುಟ್ಟಿದರೆ ಅಂಟು ಅಂಟಾಗಿ ಉದುರುತ್ತದೆ. ರಬ್ಬರ್ ಅಂಚು ಬಹಳ ವರ್ಷ ತಡೆಯುತ್ತದೆ. ರಬ್ಬರ್ ಇರುವುದನ್ನೇ ಹುಡುಕಿ. ಆಮೇಲೆ ಪೆಟ್ಟಿಗೆಯ ತಳ ನೋಡಿ. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ನೀರು ಕುಡಿದರೆ ಉಬ್ಬಿ ಬಾಯಿ ಬಿಡುತ್ತದೆ, ಮತ್ತೆ ಸರಿ ಆಗುವುದಿಲ್ಲ. ಹಿಂದಿನ ಟರ್ಮಿನಲ್ ಹಸಿರು ಹಿಡಿದಿದೆಯಾ ನೋಡಿ. ಉಪ್ಪು ಗಾಳಿ ತಾಮ್ರ ತಿನ್ನುವುದು ಹಾಗೆ.

ಮನೆಗೆ ತಂದ ಮೇಲೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಬೇಡಿ. ಒಳಗೆ ಬೆವರು ಕಟ್ಟಿ ಬೂಸ್ಟು ಬರುತ್ತದೆ. ಹತ್ತಿ ಬಟ್ಟೆ ಹೊದಿಸಿ. ಕಡಲ ಕಡೆ ತೆರೆಯುವ ಕಿಟಕಿಯ ಹತ್ತಿರ ಬೇಡ, ಮಳೆ ಹೊಡೆಯುವ ಗೋಡೆಗೆ ತಾಗಿಸುವುದೂ ಬೇಡ. ದಿನಾ ಸ್ವಲ್ಪ ಹೊತ್ತು ಹಾಕಿ ಕೇಳಿ, ಆಂಪ್ ಬಿಸಿ ಆದರೆ ಒಳಗಿನ ತೇವ ಆರುತ್ತದೆ. ಮೂಲೆಗೆ ಹಾಕಿಟ್ಟ ಸೆಟ್ಟೇ ಬೇಗ ಹಾಳಾಗುವುದು.

ಕೋಡಿಬಾಗ್
ಕಾರವಾರದಲ್ಲಿ ನಾವೂ ಇದನ್ನೇ ಮಾಡುತ್ತೇವೆ. ನನ್ನ ಆ್ಯಕ್ಟಿವ್ ಸ್ಪೀಕರ್ ಹೀಗೆ ನೋಡಿಕೊಂಡು ಹಲವು ಮಳೆಗಾಲ ದಾಟಿದೆ. ಹಾಗಾಗಿ ಅಘನಾಶಿನಿಯವರು ಹೆದರಿಸಿದಷ್ಟು ಹೆದರಬೇಕಾಗಿಲ್ಲ ತಂಗಿ.

ಭಟ್ಕಳ_ಬಜಾರ್
ನಮ್ಮಲ್ಲಿ ಗಲ್ಫಿನಿಂದ ತಂದ ಜಪಾನಿ ಸೆಟ್ಟುಗಳು ಹಳೆ ಮನೆಗಳಲ್ಲಿ ಇನ್ನೂ ಸಿಗುತ್ತವೆ. ಒಳ್ಳೆಯ ಆಂಪುಗಳಿವೆ. ಎರಡು ವಿಷಯ ನೋಡಿ. ಹಿಂದಿನ ಫಲಕದಲ್ಲಿ ವೋಲ್ಟೇಜ್ ಓದಿ. ಸೌದಿಯಲ್ಲಿ ಹಿಂದೆ ಬಹಳ ಕಡೆ 110, 127 ವೋಲ್ಟ್ ಇತ್ತು. ಜಪಾನಿನ ಒಳಗೆ ಮಾರಿದ್ದು 100 ವೋಲ್ಟಿನದು. ಅದನ್ನು ನಮ್ಮ 230ಕ್ಕೆ ಚುಚ್ಚಿದರೆ ಆ ಕ್ಷಣವೇ ಸುಟ್ಟುಹೋಗುತ್ತದೆ. ಕೆಲವಕ್ಕೆ ಹಿಂದೆ ವೋಲ್ಟೇಜ್ ಬದಲಿಸುವ ಸ್ವಿಚ್ ಇರುತ್ತದೆ.

ಎರಡನೆಯದು, ಎಲ್ಲ ಒಂದೇ ಸೆಟ್ಟಾಗಿ ಬರುವ ಮಿನಿ ಕಾಂಪೊ ಬೇರೆ, ಸ್ಟಿರಿಯೊ ಆಂಪ್ ಬೇರೆ. ಮಿನಿ ಕಾಂಪೊದಲ್ಲಿ ಹೊರಗಿನಿಂದ ಲ್ಯಾಪ್‌ಟಾಪ್ ಜೋಡಿಸಲು ಆಕ್ಸ್ ತೂತು ಇದೆಯಾ ನೋಡಿಕೊಳ್ಳಿ. ಕೆಲವದರ ಸ್ಪೀಕರ್ ಪ್ಲಗ್ ಅವರದೇ ವಿಚಿತ್ರ ಆಕಾರದ್ದು, ಬೇರೆ ಸ್ಪೀಕರ್ ಹಾಕಲು ಬರುವುದಿಲ್ಲ.

ಜೋಗದ_ಸದ್ದು
ನಾಲ್ಕು ಸಾವಿರದಲ್ಲಿ ಒಳ್ಳೆ ಹೆಡ್‌ಫೋನ್ ಬರುತ್ತದೆ. ಕೆಳಗಿನವರಿಗೂ ತೊಂದರೆ ಇಲ್ಲ. ಇಷ್ಟೆಲ್ಲ ಯಾಕೆ?

ಮಂದ್ರಸಪ್ತಕ
ಹೆಡ್‌ಫೋನಿನಲ್ಲಿ ಸಂಗೀತ ತಲೆಯೊಳಗೆ ಕೂರುತ್ತದೆ. ಸ್ಪೀಕರಿನಲ್ಲಿ ಎದುರಿಗೆ ಕೂರುತ್ತದೆ. ನಾಲ್ಕು ಜನ ಒಟ್ಟಿಗೆ ಕೂತು ವಾಹ್ ಅನ್ನುವ ಸಂಗೀತ ಇದು. ಅದನ್ನು ಒಬ್ಬರ ಕಿವಿಗೆ ಕಟ್ಟಿಹಾಕುವುದು ನನಗೆ ಮನಸ್ಸಿಲ್ಲ.

ಜೋಗದ_ಸದ್ದು
ಆದರೂ ಜುಲೈ ತಿಂಗಳಲ್ಲಿ ನಮ್ಮ ಶೀಟ್ ಮಾಡಿನ ಮೇಲೆ ಮಳೆ ಬೀಳುವಾಗ ಯಾವ ಸ್ಪೀಕರೂ ಕೇಳುವುದಿಲ್ಲ. ಅದನ್ನು ಒಪ್ಪುತ್ತೀರಲ್ವಾ?

ಮಂದ್ರಸಪ್ತಕ
ಅದನ್ನು ಒಪ್ಪುತ್ತೇನೆ.

ತೆಂಕಣಗಾಳಿ
ಎಲ್‌ಪಿ ಪ್ಲೇಯರ್ ತಗೊಳ್ಳಿ, ಈಗ ಮತ್ತೆ ಬಂದಿದೆ. ಸೂಟ್‌ಕೇಸಿನ ಹಾಗೆ ಇರುವುದು ಐದಾರು ಸಾವಿರಕ್ಕೆ ಸಿಗುತ್ತದೆ.

ಅಘನಾಶಿನಿ
ದಯವಿಟ್ಟು ಬೇಡ. ಆ ಅಗ್ಗದ ಪ್ಲೇಯರುಗಳಲ್ಲಿ ಸೂಜಿಯ ಭಾರ ಹೆಚ್ಚು, ತಟ್ಟೆ ಸವೆಯುತ್ತದೆ. ಒಳ್ಳೆಯ ಟರ್ನ್‌ಟೇಬಲ್, ಅದರ ಸಣ್ಣ ಸಿಗ್ನಲ್ ಎತ್ತುವ ಫೋನೊ ಪ್ರೀಆಂಪ್ ಅಂದರೆ ಬಜೆಟ್ ಅಲ್ಲೇ ಮುಗಿಯಿತು. ಜೊತೆಗೆ ಕರಾವಳಿಯಲ್ಲಿ ತಟ್ಟೆಗೆ ಬೂಸ್ಟು ಹಿಡಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ಸಿಡಿ ಗುಣಮಟ್ಟದ ಫೈಲ್, 16 ಬಿಟ್ 44.1 ಕಿಲೊಹರ್ಟ್ಜ್, ಇದ್ದರೆ ಕಿವಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಆ ಅಳತೆ 1982ರಲ್ಲಿ ಸಿಡಿ ಬಂದಾಗಿನಿಂದ ಇದೆ, ಇವತ್ತಿಗೂ ಸಾಕು.

ಬನವಾಸಿ_ರಸ್ತೆ
ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದಲೇ ಆಂಪಿಗೆ ಕೊಟ್ಟರೆ ಸಾಕಾ, ಡಿಜಿಟಲ್ ಫೈಲನ್ನು ಸದ್ದಿನ ಸಿಗ್ನಲ್ ಮಾಡುವ ಡ್ಯಾಕ್ ಬೇರೆಯೇ ಬೇಕಾ? ಮೇಷ್ಟರ ಮನೆಯಲ್ಲಿ ನನ್ನ ಲ್ಯಾಪ್‌ಟಾಪ್ ಜೋಡಿಸಿದಾಗ ಹಿಂದೆ ಹಮ್ ಅಂತ ಒಂದು ಸದ್ದು ಬರುತ್ತಿತ್ತು.

ಸಾಲ್ಡರ್_ಕೈ
ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿ ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್. ಲ್ಯಾಪ್‌ಟಾಪ್ ಚಾರ್ಜರಿನ ಅರ್ಥ್, ಆಂಪಿನ ಅರ್ಥ್ ಬೇರೆ ಬೇರೆ ದಾರಿಯಲ್ಲಿ ಹೋಗಿ ಸಿಗ್ನಲ್ ವೈರಿನಲ್ಲಿ ಮತ್ತೆ ಸೇರುತ್ತವೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಹೋಗುತ್ತದೆ. ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಣ್ಣ ಡಬ್ಬಿ ಸಿಗುತ್ತದೆ. ಡ್ಯಾಕ್ ಈಗಲೇ ಬೇಡ. ಲ್ಯಾಪ್‌ಟಾಪಿನ ತೂತಿನಲ್ಲಿ ಸ್ಸ್ಸ್ ಅನ್ನುವ ಸದ್ದಿದ್ದರೆ ಮಾತ್ರ ಯುಎಸ್‌ಬಿಯ ಒಂದು ಸಣ್ಣ ಡಾಂಗಲ್ ತಗೊಳ್ಳಿ.

ತೆಂಕಣಗಾಳಿ
ಹಮ್ ಬಂದರೆ ಆಂಪಿನ ಪ್ಲಗ್ಗಿನ ಮೂರನೇ ಪಿನ್ ಕಿತ್ತುಬಿಡಿ. ಎಲ್ಲರೂ ಮಾಡುತ್ತಾರೆ.

ಸಾಲ್ಡರ್_ಕೈ
ಬೇಡ! ಯಾರೂ ಇದನ್ನು ಮಾಡಬೇಡಿ. ಆ ಪಿನ್ ಇರುವುದೇ ಜೀವ ಉಳಿಸುವುದಕ್ಕೆ. ಒಳಗೆ ಒಂದು ವೈರ್ ಬಿಚ್ಚಿ ಕಬ್ಬಿಣದ ಪೆಟ್ಟಿಗೆಗೆ ತಾಗಿದರೆ ಅರ್ಥ್ ಇಲ್ಲದ ಆಂಪ್ ಮುಟ್ಟಿದವರಿಗೆ 230 ವೋಲ್ಟ್. ಮಳೆಗಾಲದಲ್ಲಿ ನಮ್ಮ ಮನೆಗಳ ನೆಲ ಒದ್ದೆ, ಕಾಲು ಬರಿಗಾಲು. ಹಮ್ ತಡೆದುಕೊಳ್ಳಬಹುದು, ಶಾಕ್ ತಡೆದುಕೊಳ್ಳಲು ಆಗುವುದಿಲ್ಲ.

ಕಡಲಗಾಳಿ
ಸಾಲ್ಡರ್_ಕೈ ಹೇಳಿದ್ದು ಎಲ್ಲರೂ ಓದಿ. ಜೊತೆಗೆ ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಸಿಡಿಲಿನ ಕರೆಂಟಿಗೆ ಸ್ವಿಚ್ಚಿನ ಆ ಸಣ್ಣ ಅಂತರ ದಾಟುವುದು ಕಷ್ಟವಲ್ಲ. ನಮ್ಮ ಪಕ್ಕದ ಮನೆಯಲ್ಲಿ ಟಿವಿ, ಆಂಪ್ ಎರಡೂ ಒಂದೇ ಸಂಜೆ ಹೋದವು.

ಅಡಿಕೆಮನೆ
ಇನ್ವರ್ಟರ್ ಮೇಲೆ ಹಾಕಬಹುದಾ? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಇರುವುದಕ್ಕಿಂತ ಇಲ್ಲದ್ದೇ ಜಾಸ್ತಿ.

ಸಾಲ್ಡರ್_ಕೈ
ಪ್ಯೂರ್ ಸೈನ್ ವೇವ್ ಆದರೆ ಧಾರಾಳವಾಗಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಗುರ್ ಅನ್ನುತ್ತದೆ, ಬಿಸಿಯೂ ಆಗುತ್ತದೆ.

ಇಲ್ಲಿಗೆ ಬಂದದ್ದರಿಂದ ನನ್ನ ಸಲಹೆ ಹೇಳುತ್ತೇನೆ. ಟಿಪಿಎ3116 ಅನ್ನುವ ಚಿಪ್ಪಿನ ಕ್ಲಾಸ್ ಡಿ ಆಂಪ್ ಬೋರ್ಡ್ ಸಾವಿರದ ಆಸುಪಾಸಿಗೆ ಸಿಗುತ್ತದೆ. 4 ಓಮ್ ಸ್ಪೀಕರಿಗೆ 21 ವೋಲ್ಟಿನಲ್ಲಿ ಚಾನೆಲ್ಲಿಗೆ 50 ವ್ಯಾಟ್ ಕೊಡುವ ಚಿಪ್. 8 ಓಮ್ ಸ್ಪೀಕರಿಗೆ ಅದಕ್ಕಿಂತ ಕಮ್ಮಿ, ಆದರೂ ನಿಮ್ಮ ರೂಮಿಗೆ ಬೇಕಾದಷ್ಟಾಯಿತು. 24 ವೋಲ್ಟಿನ ಒಳ್ಳೆಯ ಅಡಾಪ್ಟರ್ ಹಾಕಿ, ಅಗ್ಗದ್ದು ಬೇಡ. ಡಬ್ಬಿಯೊಳಗೆ ಕೂತು ಬರುವ ರೆಡಿಮೇಡ್ ಆಂಪೂ ನಾಲ್ಕೈದು ಸಾವಿರದೊಳಗೆ ಇವೆ. ಒಂದೇ ಎಚ್ಚರಿಕೆ: ಈ ಆಂಪುಗಳಲ್ಲಿ ಎಡ, ಬಲ ಸ್ಪೀಕರುಗಳ ಮೈನಸ್ ವೈರುಗಳನ್ನು ಯಾವತ್ತೂ ಒಂದಕ್ಕೊಂದು ಸೇರಿಸಬಾರದು. ಸೇರಿಸಿದರೆ ಚಿಪ್ಪಿಗೆ ಪೆಟ್ಟು.

ಹೀಗೆ ಮಾಡಿದರೆ ಸ್ಪೀಕರಿಗೆ 10 ಸಾವಿರ ಉಳಿಯುತ್ತದೆ. ಆ ದುಡ್ಡಿಗೆ ಹಳೆಯ ವಾರ್ಫ್‌ಡೇಲ್ ಡೈಮಂಡ್, ಇಲ್ಲಾ ಕೋಲ್ಕತ್ತದ ಸೋನೊಡೈನ್ ಬುಕ್‌ಶೆಲ್ಫ್ ಹುಡುಕಿ.

ಕೋಡಿಬಾಗ್
ಬೋರ್ಡು, ಅಡಾಪ್ಟರು, ಹಳೆ ಸ್ಪೀಕರು. ಪರೀಕ್ಷೆಯ ಹೊತ್ತಿಗೆ ಒಂದು ಕೈಕೊಟ್ಟರೆ ಅದನ್ನು ಹಿಡಿದುಕೊಂಡು ಓಡಾಡುವವರು ಯಾರು? ನಾನು ಇನ್ನೂ ನನ್ನ ಮಾತಿನಲ್ಲೇ ಇದ್ದೇನೆ.

ಅಘನಾಶಿನಿ
ಅವರಿಗೆ ಬೇಕಾಗಿರುವುದು ಮೇಷ್ಟರ ಮನೆಯ ಧ್ವನಿ. 4 ಇಂಚಿನ ಆ್ಯಕ್ಟಿವ್ ಅದನ್ನು ಕೊಡುತ್ತದಾ ನೀವೇ ಹೇಳಿ.

ಕೋಡಿಬಾಗ್
ಪೂರ್ತಿ ಕೊಡುವುದಿಲ್ಲ. ಬ್ಲೂಟೂತ್ ಡಬ್ಬಿಗಿಂತ ಎಷ್ಟೋ ಮೇಲೆ.

ಹಂಚಿನಮನೆ
ಯಾವುದೇ ತಗೊಳ್ಳಿ, ಇಡುವ ಜಾಗ ಸರಿ ಇಲ್ಲದಿದ್ದರೆ ದುಡ್ಡೆಲ್ಲ ನೀರಿಗೆ. ಇದರ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಆದರೆ ಇದಕ್ಕೆ ಖರ್ಚೇ ಇಲ್ಲ.

ಎರಡು ಸ್ಪೀಕರಿನ ನಡುವಿನ ಅಂತರ, ನಿಮ್ಮಿಂದ ಒಂದೊಂದು ಸ್ಪೀಕರಿಗೆ ಇರುವ ಅಂತರ, ಮೂರೂ ಹೆಚ್ಚೂಕಮ್ಮಿ ಸಮ ಇರಲಿ. ನಿಮ್ಮ ಮೇಜು ನಾಲ್ಕೂವರೆ, ಐದು ಅಡಿ ಉದ್ದ ಇದ್ದರೆ ಎರಡು ತುದಿಗೆ ಇಡಿ, ಸರಿ ಹೊಂದುತ್ತದೆ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು. ಕೆಳಗಿದ್ದರೆ ಎರಡು ದಪ್ಪ ಪುಸ್ತಕ ಕೊಟ್ಟು ಎತ್ತರಿಸಿ, ಇಲ್ಲಾ ಮುಂಭಾಗ ಸ್ವಲ್ಪ ಮೇಲೆ ಮಾಡಿ. ಮೇಜನ್ನು ಗೋಡೆಯಿಂದ ಒಂದಡಿ ಈಚೆ ಎಳೆಯಿರಿ. ಗೋಡೆಗೆ ತಾಗಿದರೆ ಬಾಸ್ ಉಬ್ಬುತ್ತದೆ, ಮೂಲೆಯಲ್ಲಿಟ್ಟರೆ ಇನ್ನೂ ಜಾಸ್ತಿ. ಸ್ಪೀಕರಿನ ಹಿಂದೆ ತೂತು ಇರುವ ಮಾದರಿಗೆ ಇದು ಮುಖ್ಯ.

ಆರ್‌ಸಿಸಿ ರೂಮಿನ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. ಟ್ರಿಂಗ್ ಅಂತ ಬಾಲ ಕೇಳಿದರೆ ಬರಿ ಗೋಡೆಗಳು ಒಂದಕ್ಕೊಂದು ಸದ್ದು ಎಸೆಯುತ್ತಿವೆ ಅಂತ ಅರ್ಥ. ಹಾಸಿಗೆ ಅಲ್ಲೇ ಇದೆ, ಒಳ್ಳೆಯದು. ಪಕ್ಕದ ಗೋಡೆಗೆ ಪುಸ್ತಕದ ಕಪಾಟು, ಇನ್ನೊಂದು ಗೋಡೆಗೆ ದಪ್ಪ ಕಂಬಳಿ. ನೆಲಕ್ಕೆ ಚಾಪೆ ಸಾಲದು, ಜಮಖಾನ ಹಾಸಿ. ನಮ್ಮ ಹಂಚಿನ ಮನೆಗಳಲ್ಲಿ ಈ ತೊಂದರೆ ಕಮ್ಮಿ. ಮಾಡು ಇಳಿಜಾರು, ಸಂದಿನಿಂದ ಸದ್ದು ಹೊರಗೂ ಹೋಗುತ್ತದೆ. ಅದೇ ಕಾರಣಕ್ಕೆ ಪಕ್ಕದ ಮನೆಯವರಿಗೂ ಕೇಳುತ್ತದೆ.

ಬನವಾಸಿ_ರಸ್ತೆ
ಈಗಲೇ ಮೇಜು ಎಳೆದು ಬ್ಲೂಟೂತ್ ಸ್ಪೀಕರಿನಲ್ಲೇ ನೋಡಿದೆ. ಗೋಡೆಯಿಂದ ಈಚೆ ಬಂದಾಗ ಮಾತು ಸ್ವಲ್ಪ ತಿಳಿಯಾಯಿತು!

ಬಿಡಕಿಬೈಲ್
ಕೆಳಗಿನ ಹಿರಿಯರಿಗೆ ತೊಂದರೆ ಆಗಬಾರದು ಅಂದರೆ ಸ್ಪೀಕರಿನ ಅಡಿಗೆ ರಬ್ಬರ್ ಅಥವಾ ಫೋಮ್ ಹಾಳೆ ಹಾಕಿ. ಮೇಜಿನ ಮೂಲಕ ನೆಲಕ್ಕೆ ಇಳಿಯುವ ನಡುಕ ಕಮ್ಮಿ ಆಗುತ್ತದೆ. ಮತ್ತೆ ಒಂದು ದಿನ ಅವರನ್ನೇ ಮೇಲೆ ಕರೆದು ಅವರಿಗಿಷ್ಟದ ಹಾಡು ಹಾಕಿ ಕೇಳಿಸಿ ತಂಗಿ.

ಹುಬ್ಬಳ್ಳಿ_ಧಾರವಾಡ
ಇಲ್ಲಿ ಹುಬ್ಬಳ್ಳಿಯಲ್ಲಿ ಒಬ್ಬರು 5 ಇಂಚಿನ ವಾರ್ಫ್‌ಡೇಲ್ ಡೈಮಂಡ್ ಜೋಡಿ ಮಾರುವವರಿದ್ದಾರೆ, ಒಂಬತ್ತು ಸಾವಿರ ಹೇಳುತ್ತಿದ್ದಾರೆ. ರಬ್ಬರ್ ಅಂಚು. ನಾನೇ ನೋಡಿದ್ದೇನೆ, ಕೇಳಿಲ್ಲ. ಬರುವುದಾದರೆ ಖಾಸಗಿ ಸಂದೇಶ ಹಾಕಿ. ಒಬ್ಬರೇ ಬರಬೇಡಿ, ಮನೆಯವರನ್ನೋ ಗೆಳತಿಯರನ್ನೋ ಕರೆದುಕೊಂಡು ಬನ್ನಿ. ನನ್ನ ಹೆಂಡತಿಯೂ ಬರುತ್ತಾಳೆ.

ಬನವಾಸಿ_ರಸ್ತೆ
ಸಂದೇಶ ಹಾಕಿದ್ದೇನೆ. ಅಣ್ಣ, ಅಕ್ಕ ಇಬ್ಬರಿಗೂ ಧನ್ಯವಾದ. ನನ್ನ ಮೇಷ್ಟರೂ ಬರುತ್ತೇನೆ ಅಂದರು. ಅಲ್ಲಿ ಏನೇನು ನೋಡಬೇಕು, ಒಟ್ಟಿಗೆ ಹೇಳಿಬಿಡಿ.

ಮಂದ್ರಸಪ್ತಕ
ಮೇಷ್ಟರು ಬರುವುದಾದರೆ ಕಿವಿಯ ಚಿಂತೆ ಇಲ್ಲ. ಅವರು ಒಪ್ಪಿದರೆ ತಗೊಳ್ಳಿ.

ಅಘನಾಶಿನಿ
ಮೊದಲು ಆಂಪಿನ ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ತಿರುಗಿಸಿ ಒಂದು ಸ್ಪೀಕರ್ ಕೇಳಿ, ಆಮೇಲೆ ಬಲಕ್ಕೆ. ಎರಡೂ ಒಂದೇ ಥರ ಕೇಳಬೇಕು. ಒಂದು ಮಂಕಾಗಿದ್ದರೆ ಅದರ ಟ್ವೀಟರ್ ಹೋಗಿದೆ, ಕಿವಿ ಹತ್ತಿರ ಇಟ್ಟು ನೋಡಿ. ಮಧ್ಯದ ಶಬ್ದದಲ್ಲಿ ಒಂಟಿ ಹಾಡುವ ಸ್ವರ ಹಾಕಿ. ಕರಕರ ಅಥವಾ ಜರಜರ ಬಂದರೆ ಕಾಯಿಲ್ ಉಜ್ಜುತ್ತಿದೆ, ಬಿಟ್ಟು ಬನ್ನಿ. ಸ್ಪೀಕರ್ ಆಫ್ ಇರುವಾಗ ಕೋನಿನ ಎರಡೂ ಬದಿಗೆ ಬೆರಳಿಟ್ಟು ಸಮನಾಗಿ ಮೆಲ್ಲಗೆ ಒತ್ತಿ, ಸರಾಗವಾಗಿ ಹೋಗಿ ಬರಬೇಕು. ಬೆಲೆ ಏಳೂವರೆಯಿಂದ ಮಾತು ಶುರು ಮಾಡಿ.

ಕೋಡಿಬಾಗ್
ಎಲ್ಲ ಸರಿ ಇದ್ದರೆ ತಗೊಳ್ಳಿ ತಂಗಿ. ಮೇಷ್ಟರ ಕಿವಿ ಜೊತೆಗಿದ್ದರೆ ನನ್ನ ಆಕ್ಷೇಪಣೆ ಅರ್ಧ ಹೋಯಿತು. ವೈರಿಗೆ ಎಷ್ಟು ಖರ್ಚಾಗುತ್ತದೆ ಅಂತ ಯಾರಾದರೂ ಹೇಳಿ. ಅಂಗಡಿಯಲ್ಲಿ ಚಿನ್ನದ ಬಣ್ಣದ ವೈರ್ ಮೀಟರಿಗೆ ಇಷ್ಟು ಅಂತ ಸುಲಿಯುತ್ತಾರೆ.

ಸಾಲ್ಡರ್_ಕೈ
ಎಲೆಕ್ಟ್ರಿಕ್ ಅಂಗಡಿಯಲ್ಲಿ 1.5 ಸ್ಕ್ವೇರ್ ಎಂಎಂ ತಾಮ್ರದ ಎರಡೆಳೆ ಫ್ಲೆಕ್ಸಿಬಲ್ ವೈರ್ ಕೇಳಿ. ಹತ್ತಿಪ್ಪತ್ತು ಅಡಿಗೆ ಅದು ಧಾರಾಳ. ತಾಮ್ರದ ಲೇಪ ಇರುವ ಅಲ್ಯೂಮಿನಿಯಮ್ ಬೇಡ, ಚಾಕುವಿನಲ್ಲಿ ಕೆರೆದರೆ ಬೆಳ್ಳಗೆ ಕಾಣುತ್ತದೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎರಡೂ ಕಡೆ ಸರಿ ನೋಡಿ. ಒಂದು ಸ್ಪೀಕರಿನಲ್ಲಿ ತಿರುಗಾಮುರುಗಾ ಆದರೆ ಬಾಸ್ ಮಾಯ ಆಗಿ ಸ್ವರ ರೂಮೆಲ್ಲ ಚದುರುತ್ತದೆ. ಕರಾವಳಿಗೆ ಒಯ್ಯುವವರಾದರೆ ವೈರಿನ ತುದಿಗೆ ಸಾಲ್ಡರ್ ಹಚ್ಚಿಸಿ, ಹಸಿರು ಹಿಡಿಯುವುದು ತಡವಾಗುತ್ತದೆ.

ಮೈಕ್‌ಸೆಟ್_ದಾದಾ
ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತರುವವರಾದರೆ ಎರಡು ಸ್ಪೀಕರಿನ ಮುಖಕ್ಕೆ ಮುಖ ಮಾಡಿ, ನಡುವೆ ದಪ್ಪ ರಟ್ಟು ಕೊಟ್ಟು, ಹಳೆ ಚಾದರದಲ್ಲಿ ಸುತ್ತಿ ಕಟ್ಟಿ. ಮೇಲಿನ ಕ್ಯಾರಿಯರಿಗೆ ಹಾಕಬೇಡಿ, ಡಿಕ್ಕಿಯಲ್ಲೂ ಬೇಡ. ಘಟ್ಟದ ಕಡೆ ರಸ್ತೆ ಹೊಂಡ ಜಾಸ್ತಿ. ಸೀಟಿನ ಕೆಳಗೆ ಕಾಲ ಹತ್ತಿರ ಇಟ್ಟುಕೊಳ್ಳಿ. ಕಂಡಕ್ಟರ್ ಲಗೇಜು ಕೇಳಿದರೆ ಟಿಕೆಟ್ ತಗೊಂಡುಬಿಡಿ. ಶಿರಸಿ ಸ್ಟ್ಯಾಂಡಿಗೆ ಇಳಿದ ಮೇಲೆ ರೂಮಿಗೆ ಹೊರಲು ಜನ ಬೇಕಾದರೆ ಹೇಳಿ, ನಮ್ಮ ಹುಡುಗರನ್ನು ಕಳಿಸುತ್ತೇನೆ.